ಕುರಿಮರಿಯ ದೃಷ್ಟಿಬೊಟ್ಟು

ಕೆಂದಿ ತನ್ನ ಮರಿಯನ್ನು ಮೂಸಿ ನೋಡಿತು. ಇನ್ನೊಮ್ಮೆ ಮೂಸಿತು. ಆಮೇಲೆ ತಲೆ ತಗ್ಗಿಸಿ, ಬೇರೆ ಯಾವುದೋ ಕುರಿಯ ಮರಿಯನ್ನು ನೂಕುವ ಹಾಗೆ, ಹಣೆಯಿಂದ ಅದನ್ನು ಅತ್ತ ನೂಕಿಬಿಟ್ಟಿತು.

ಮರಿ ಉರುಳಿ ಬಿತ್ತು. ಎದ್ದು ಮತ್ತೆ ಕೆಚ್ಚಲ ಕಡೆಗೇ ಬಂತು. ಈ ಸಲ ಕೆಂದಿ ಕಾಲೆತ್ತಿ ಒದೆಯಿತು.

ದಾಸಮ್ಮ ಕೈಯಲ್ಲಿದ್ದ ಹೊಟ್ಟಿನ ಮಂಕರಿಯನ್ನು ಕೆಳಗಿಟ್ಟು ನೋಡುತ್ತಾ ನಿಂತಳು. ಈ ಮನೆಗೆ ಸೊಸೆಯಾಗಿ ಬಂದು ನಲವತ್ತು ವರ್ಷ ಮೇಲಾಗಿತ್ತು. ಅಷ್ಟು ಕಾಲವೂ ಕುರಿಗಳ ನಡುವೆಯೇ ಇದ್ದವಳು. ಮೊದಲ ಸಲ ಈದ ಕುರಿ ಹೆದರಿಕೊಂಡು ಮರಿಯನ್ನು ದೂರ ಮಾಡುವುದನ್ನು ಕಂಡಿದ್ದಳು. ಆದರೆ ಕೆಂದಿಗೆ ಇದು ನಾಲ್ಕನೆಯ ಸೂಲು. ಮೂರು ದಿನದಿಂದ ಈ ಮರಿಯ ಬಾಲ ನೆಕ್ಕುತ್ತಾ, ಗಂಟಲಲ್ಲೇ ಗುರುಗುಟ್ಟುತ್ತಾ, ಯಾರನ್ನೂ ಹತ್ತಿರ ಬಿಡದೆ ನಿಂತಿತ್ತು.

ಮರಿಯನ್ನು ಎತ್ತಿ ಎದೆಗೆ ಹಿಡಿದ ತಕ್ಷಣ ದಾಸಮ್ಮನಿಗೆ ಕಾರಣ ಗೊತ್ತಾಯಿತು. ಅದರ ಮೈಯಲ್ಲಿ ಕುರಿಯ ವಾಸನೆಯೇ ಇರಲಿಲ್ಲ. ಬೇಬಿ ಸೋಪು, ಪೌಡರು, ಅವುಗಳ ಮೇಲೆ ಸಾಂಬ್ರಾಣಿ ಹೊಗೆ. ಮನೆಯೊಳಗೆ ತೊಟ್ಟಿಲಲ್ಲಿ ಮಲಗಿದ್ದ ಇಪ್ಪತ್ತೆರಡು ದಿನದ ಮೊಮ್ಮಗನ ವಾಸನೆ. ಮರಿಯ ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದಳು. ಬಿಳಿಯ ಎಡಗೆನ್ನೆಯ ಮೇಲೆ ಕಾಡಿಗೆಯ ಬೊಟ್ಟು. ಮೊಮ್ಮಗನ ಕೆನ್ನೆಗೆ ಅವಳು ದಿನವೂ ತನ್ನ ಉಂಗುರದ ಬೆರಳಿಂದ ಇಡುವಂಥದ್ದೇ, ಅಷ್ಟೇ ದುಂಡಗೆ.

ಇದನ್ನು ಯಾರು ಮಾಡಿದರು ಎಂದು ಕೇಳಬೇಕಾಗಿರಲಿಲ್ಲ.

ಮಾನ್ಯಳಿಗೆ ಎಂಟು ವರ್ಷ. ಮಗ ಬೈರೇಶನ ಮೊದಲ ಮಗಳು. ಸೊಸೆ ಕಲಾಳ ತಾಯಿ ತೀರಿಕೊಂಡಿದ್ದರಿಂದ ಎರಡನೆಯ ಬಾಣಂತನ ಗಂಡನ ಮನೆಯಲ್ಲೇ ಆಗಿತ್ತು. ಮಗುವಿಗೆ ನೀರು ಹುಯ್ಯುವ ಕೆಲಸ ದಾಸಮ್ಮನದು. ಬಚ್ಚಲಲ್ಲಿ ಮಣೆಯ ಮೇಲೆ ಕಾಲು ಚಾಚಿ ಕೂತು, ಕಾಲುಗಳ ಮೇಲೆ ಮಗುವನ್ನು ಮಲಗಿಸಿಕೊಂಡು, ಹರಳೆಣ್ಣೆ ತಿಕ್ಕಿ, ಬಿಸಿನೀರು ಹುಯ್ದು, ಆಮೇಲೆ ಕೆಂಡಕ್ಕೆ ಸಾಂಬ್ರಾಣಿ ಹಾಕಿ ಹೊಗೆ ಕೊಡುವಷ್ಟರಲ್ಲಿ ಒಂದು ಗಂಟೆ ಆಗುತ್ತಿತ್ತು. ಮಾನ್ಯ ಟವೆಲ್ ಹಿಡಿದು ಬಚ್ಚಲ ಹೊಸಿಲಲ್ಲಿ ನಿಂತಿರುತ್ತಿದ್ದಳು. ನಿನ್ನೆ ಭಾನುವಾರ ಅವಳು ಟವೆಲ್ ಕೊಡುತ್ತಾ ಕೇಳಿದ್ದಳು:

"ಅಜ್ಜಿ, ಇವತ್ತು ನಂಗೂ ಇಂಗೇ ನೀರು ಹುಯ್ಯಿ. ಕಾಲ್ ಮೇಲೆ ಮಲಗಿಸ್ಕೊಂಡು."

ದಾಸಮ್ಮ ನಕ್ಕಿದ್ದಳು. "ನಿನ್ ಕಾಲುದ್ದ ನೋಡ್ಕೊ, ಬಾಗಿಲಾಚೆ ಹೋಗ್ತವೆ. ನೀನೀಗ ದೊಡ್ಡೋಳು ಕಣವ್ವ. ಓಗು, ಅಮ್ಮಂಗೆ ಬಿಸಿನೀರ್ ಕೊಡು."

ಮಧ್ಯಾಹ್ನದ ಹೊತ್ತಿಗೆ ದಾಸಮ್ಮ ಆ ಮಾತನ್ನು ಮರೆತಿದ್ದಳು. ಮಾನ್ಯ ಮರೆತಿರಲಿಲ್ಲ. ಕೆಂದಿ ಈದ ದಿನವೇ ಅವಳ ತಾತ ಬೀರಲಿಂಗಯ್ಯ, "ನಿಮ್ಮವ್ವಂಗೊಂದು ಮರಿ, ನಿಂಗೊಂದು ಮರಿ, ಸರಿಯಾಯ್ತಲ್ಲ" ಎಂದು ಈ ಮರಿಯನ್ನು ಅವಳ ಹೆಸರಿಗೆ ಬಿಟ್ಟಿದ್ದ. ಅವಳು ಅದಕ್ಕೆ ಬೆಣ್ಣೆ ಎಂದು ಹೆಸರಿಟ್ಟಿದ್ದಳು. ನಿನ್ನೆ ಮಧ್ಯಾಹ್ನ ಅವನು ಕೆಂದಿಯನ್ನು ಮೊದಲ ಸಲ ಹೊರಗೆ ಮೇಯಲು ಹೊಡೆದುಕೊಂಡು ಹೋಗಿದ್ದ. ಮರಿ ದೊಡ್ಡಿಯಲ್ಲೇ ಉಳಿದಿತ್ತು. ಆಗಲೇ ಆಗಿರಬೇಕು.

ದಾಸಮ್ಮ ಮರಿಯನ್ನು ಸೆರಗಲ್ಲಿ ಸುತ್ತಿಕೊಂಡು ಒಳಗೆ ಬಂದಳು. ಮಂಚದ ಮೇಲೆ ಮಗುವಿಗೆ ಹಾಲು ಕುಡಿಸುತ್ತಿದ್ದ ಕಲಾ, ಅತ್ತೆಯ ಮುಖ ನೋಡಿದವಳೇ ಹೇಳಿದಳು:

"ಅವಳನ್ನ ಬೈಬೇಡಿ ಅತ್ತೆ. ಪೌಡರ್ ಡಬ್ಬಿ ತಗೊಂಡ್ಹೋಗೋದು ನಾನೇ ನೋಡ್ದೆ. ಆಡ್ಕೊಳ್ಳಲಿ ಅಂತ ಸುಮ್ಗಾದೆ. ಮೂರು ವಾರದಿಂದ ಅವಳಿಗೆ ತಲೆ ಬಾಚಕ್ಕೂ ಆಗಿಲ್ಲ ನಂಗೆ."

"ಬೈಯಲ್ಲ. ಎಲ್ಲವ್ಳೆ?"

"ಹೊಟ್ಟೆನೋವು, ಸ್ಕೂಲಿಗೆ ಹೋಗಲ್ಲ ಅಂತ ಹಿಂದ್ಗಡೆ ಹೋದ್ಲು."

ಮಾನ್ಯ ಹಿತ್ತಲಲ್ಲಿ ರಾಗಿಹುಲ್ಲಿನ ಮೆದೆಗೆ ಆನಿಕೊಂಡು ಕೂತಿದ್ದಳು. ಅಜ್ಜಿ ಬರುವುದನ್ನು ಕಂಡು ಮುಖವನ್ನು ಮೊಣಕಾಲಿನೊಳಗೆ ಇಟ್ಟುಕೊಂಡಳು. ದಾಸಮ್ಮ ಏನೂ ಕೇಳಲಿಲ್ಲ. ಕೇಳಿದರೆ ಸುಳ್ಳು ಹೇಳುತ್ತಾಳೆ, ಒಂದು ಸಲ ಹೇಳಿದ ಸುಳ್ಳನ್ನು ಕಾಯುವುದು ಎಷ್ಟು ಕಷ್ಟದ ಕೆಲಸ ಎಂದು ಅವಳಿಗೆ ತಿಳಿದಿತ್ತು.

ಆ ದಿನವೆಲ್ಲ ಗಂಡ ಹೆಂಡತಿ ಕೆಂದಿಯ ಹಿಂದೆ ಬಿದ್ದರು. ಮರಿಯ ಬೆನ್ನಿಗೆ ಉಪ್ಪು ಸವರಿದರು. ಬೀರಲಿಂಗಯ್ಯ ಕೆಂದಿಯ ಕುತ್ತಿಗೆಯನ್ನು ಕಂಕುಳಲ್ಲಿ ಒತ್ತಿ ಹಿಡಿದರೆ ದಾಸಮ್ಮ ಮರಿಯ ಬಾಯನ್ನು ಮೊಲೆಗೆ ಇಟ್ಟಳು. ಕೆಂದಿ ಕೊಸರಾಡಿ ನೆಲಕ್ಕೆ ಮಲಗಿಬಿಟ್ಟಿತು. ಬಾಟಲಿಯಲ್ಲಿ ಹಸುವಿನ ಹಾಲು ಕುಡಿಸಿದ್ದಕ್ಕೆ ಸಂಜೆಯ ಹೊತ್ತಿಗೆ ಮರಿ ಭೇದಿ ಮಾಡಿಕೊಂಡಿತು. ಮರುದಿನ ಬಿಸಿಲೇರುವಾಗ ಅದು ನಿಲ್ಲುವುದನ್ನೇ ಬಿಟ್ಟಿತ್ತು.

"ಇದಕ್ಕೆ ಸಿದ್ದಿ ಕೈಯೇ ಆಗ್ಬೇಕು ಕಣೆ," ಎಂದ ಬೀರಲಿಂಗಯ್ಯ, ಕಂಬಳಿ ಹೆಗಲಿಗೆ ಹಾಕಿಕೊಳ್ಳುತ್ತಾ. ಉಳಿದ ಕುರಿಗಳನ್ನು ಸಾವನದುರ್ಗದ ಕಡೆಗೆ ಹೊಡೆಯುವ ಹೊತ್ತಾಗಿತ್ತು. "ಅವರಪ್ಪ ಕಲಿಸಿದ್ದು ಅವಳಿಗೆ. ಎಂಥಾ ಕುರಿನಾದ್ರೂ ಒಪ್ಪಿಸೋಳು. ಏನ್ ಮಾಡೋದು, ಅವಳು ದೊಡ್ಡಿಗೆ ಕಾಲಿಡಕಿಲ್ಲ. ಇವತ್ತು ಸಾಯಂಕಾಲ ತಂಕ ಇದ್ರೆ ಐತೆ, ಇಲ್ದಿದ್ರೆ ಇಲ್ಲ. ಮಗಿಗೆ ಏನಾರ ಹೇಳು."

ಅವನು ಹೋದ ಮೇಲೆ ದಾಸಮ್ಮ ಮರಿಯ ಪಕ್ಕ ಗೋಡೆಗೆ ಒರಗಿ ಕೂತಳು. ಸಿದ್ದಮ್ಮ ಅವಳ ವಾರಗಿತ್ತಿ. ಮೈದುನನ ಹೆಂಡತಿ. ಭಾಗವಾಗಿ, ಮನೆ ಎರಡಾಗಿ, ಈಗ ಪಕ್ಕದ ಮನೆಯಲ್ಲೇ ಇರುವವಳು. ಎರಡು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಾಳೆ. ಕುರಿ ಮಾತ್ರ ಸಾಕಿಲ್ಲ. ಮೂವತ್ತಾರು ವರ್ಷದಿಂದ ಕುರಿದೊಡ್ಡಿಯ ಒಳಗೆ ಬಂದಿಲ್ಲ. ಯಾಕೆಂದು ಊರಿಗೆಲ್ಲ ಗೊತ್ತು. ಆದರೆ ಊರಿಗೆ ಗೊತ್ತಿರುವುದು ನಿಜವಲ್ಲ ಎನ್ನುವುದು ದಾಸಮ್ಮನೊಬ್ಬಳಿಗೇ ಗೊತ್ತು.

ಮಾನ್ಯ ಬಂದು ಬಾಗಿಲಲ್ಲಿ ನಿಂತಳು. ತಲೆ ಕೆದರಿತ್ತು. ಹಿಂದಿನ ದಿನದಿಂದ ಸರಿಯಾಗಿ ಉಂಡಿರಲಿಲ್ಲ.

"ಬಾ ಇಲ್ಲಿ. ಕೂತ್ಕೊ."

ಅವಳು ಬಂದು ಮರಿಯ ಆಚೆ ಪಕ್ಕ ಕೂತಳು, ಅಜ್ಜಿಯ ಕೈಗೆ ಸಿಗದಷ್ಟು ದೂರದಲ್ಲಿ.

"ಕತೆ ಹೇಳ್ಲಾ?" ಎಂದಳು ದಾಸಮ್ಮ. ಪಾಪು ಹುಟ್ಟಿದ ಮೇಲೆ ಅವಳು ಮೊಮ್ಮಗಳಿಗೆ ಒಂದು ಕತೆಯನ್ನೂ ಹೇಳಿರಲಿಲ್ಲ.

ಮಾನ್ಯ ತಲೆಯಾಡಿಸಿದಳು.

"ಇದು ಈ ಬೆಟ್ಟಕ್ಕೆ ಇನ್ನೂ ದಾರಿ ಇಲ್ದಿದ್ದಾಗಿನ ಮಾತು. ಒಂದು ದೊಡ್ಡೀಲಿ ಒಂದು ಕರೀ ಮೇಕೆ ಇತ್ತು. ದೊಡ್ಡಿಗೆ ಮೊದ್ಲು ಬಂದಿದ್ದು ಅದೇಯ. ಒಡತಿಗೂ ಅದ್ನ ಕಂಡ್ರೆ ಆಸೆ. ಆದ್ರೆ ಆರು ವರ್ಷ ಆದ್ರೂ ಅದಕ್ಕೆ ಒಂದು ಮರಿ ಆಗ್ಲಿಲ್ಲ."

"ಡಾಕ್ಟರ್ ಇರ್ಲಿಲ್ವಾ?"

"ಇರ್ಲಿಲ್ಲ. ಆಮೇಲೆ ಒಂದು ಬಿಳೀ ಕುರಿ ಬಂತು. ಬಂದ ವರ್ಷಕ್ಕೇ ಮರಿ ಹಾಕ್ತು. ಆಗ ನೋಡು. ಒಳ್ಳೆ ಸೊಪ್ಪೆಲ್ಲ ಕುರಿಗೆ. ಬೆಚ್ಚನೆ ಮೂಲೆ ಕುರಿಗೆ. ಮೇಕೆ ಕಡೆ ತಿರುಗಿ ನೋಡೋರಿಲ್ಲ. ಮೇಕೆ ಏನೂ ಅನ್ಲಿಲ್ಲ. ಸುಮ್ಗೆ ಮೆಲುಕು ಹಾಕ್ತಾ ಕೂತಿರೋದು. ಒಳಗೆ ಮಾತ್ರ ಮೆಣಸಿನಕಾಯಿ ಅರೆದಂಗೆ."

ಮಾನ್ಯ ಮರಿಯ ಕಿವಿಯನ್ನು ಮುಟ್ಟಿದಳು. "ಆಮೇಲೆ?"

"ಒಂದಿನ ಕುರಿಮರಿಗೆ ಹೆಸರಿಡೋ ಹಬ್ಬ. ಕಾಡೆಲ್ಲ ಬಂದಿತ್ತು. ಸಂಜೆ ಬಿಳೀ ಕುರಿ ತನ್ ಮರೀನ ಮೂಲೆಗೆ ಮಲಗಿಸಿ, ದೊಡ್ಡಿಗೆ ಚಿಲಕ ಹಾಕಿ, ಹಾಡು ಕೇಳಕ್ಕೆ ಹೋಯ್ತು."

"ಕುರಿಗೆ ಚಿಲಕ ಹಾಕಕ್ಕೆ ಬರಲ್ಲ ಅಜ್ಜಿ."

"ಆ ಕಾಲದ ಕುರಿಗೆ ಬತ್ತಿತ್ತು. ಮೇಕೆ ಅದನ್ನ ನೋಡ್ತು, ಚಿಲಕ ಹಾಕಿದ್ದನ್ನ. ಅತ್ತಾಗೆ ಅದು ಹೋಗ್ತಿದ್ದಂಗೆ ಇತ್ತಾಗೆ ಮೇಕೆ ಚಿಲಕ ತೆಗ್ದು ಒಳಗೆ ಬಂತು. ಬೆಚ್ಚನೆ ಮೂಲೆ ಇವಳಿಗೇ ಯಾಕೆ ಅಂತ ಮರೀನ ಎಳ್ಕೊಂಡ್ಬಂದು ಬಾಗ್ಲ ಹತ್ರ ಹಾಕ್ತು. ತಾನು ಮೂಲೇಲಿ ಕೂತ್ಕೊಂಡು ಅತ್ತುಬುಡ್ತು. ಅಷ್ಟೊತ್ಗೆ ಒಡತಿ ಕೂಗಿದ್ಲು. ಕಣ್ಣೊರೆಸ್ಕೊಂಡು ಓಡ್ತು. ಚಿಲಕ ಹಾಕೋದು ಮರೀತು."

ಹೊರಗೆ ಕೋಳಿಯೊಂದು ಕೆದಕುತ್ತಿತ್ತು.

"ಚಿರತೆ ಬಂತು, ಮರೀನ ಎತ್ಕೊಂಡ್ಹೋಯ್ತು. ಬೆಳಗ್ಗೆ ಎದ್ದು ಎಲ್ರೂ ಕೇಳಿದ್ರು, ಚಿಲಕ ಹಾಕ್ದೋರು ಯಾರು ಅಂತ. ಕುರಿ, ನಾನೇಯ, ಹಾಕಿದ್ದೆ ಅಂತು. ಹಾಕಿದ್ರೆ ತೆರೆಯೋದೆಂಗೆ ಅಂದ್ರು. ಹಡೆದವಳು ಮೈಮರೆತವ್ಳೆ, ಇನ್ಮೇಲೆ ದೊಡ್ಡಿ ಒಳಗೆ ಕಾಲಿಡ್ಬೇಡ ಅಂದ್ರು. ಅಷ್ಟೇ, ಕತೆ ಮುಗೀತು."

ಮಾನ್ಯ ತಲೆಯೆತ್ತಿ ನೋಡಿದಳು. "ಮುಗೀತಾ? ಮೇಕೆ ಹೇಳ್ಲಿಲ್ವಾ?"

"ಇಲ್ಲ. ಮೆಲುಕು ಹಾಕ್ತಾ ಕೂತಿತ್ತು."

"ಯಾಕೆ?"

"ಮೊದ್ಲು ಹೆದರಿಕೆ. ಆಮೇಲೆ ನಾಚಿಕೆ. ಆಮೇಲೆ ಹೊತ್ತಾಗ್ಬುಟ್ಟಿತ್ತು."

"ಬಿಳೀ ಕುರಿ ಸತ್ತೋಗಿತ್ತಾ?"

"ಇಲ್ಲ."

"ಮತ್ತೆ ಇನ್ನೂ ಐತಲ್ಲ. ಕತೆ ಮುಗಿದಿಲ್ಲ ಕಣಜ್ಜಿ, ನೀನು ಮಧ್ಯದಲ್ಲೇ ನಿಲ್ಲಿಸ್ಬುಟ್ಟೆ." ಹಾಗೆಂದವಳು ಸ್ವಲ್ಪ ಹೊತ್ತು ಮರಿಯ ಕಿವಿಯನ್ನು ಮಡಿಸುತ್ತಾ, ಬಿಡಿಸುತ್ತಾ ಕೂತಳು. ಆಮೇಲೆ ನೆಲ ನೋಡುತ್ತಲೇ ಹೇಳಿದಳು, "ಬೆಣ್ಣೆಗೆ ನಾನೇ ಸೋಪು ಹಾಕಿದ್ದು. ಪೌಡರ್ರೂ ನಾನೇ. ನಿಮ್ ಪಾಪುಗಿಂತ ನನ್ ಪಾಪು ಗಮಗಮ ಅನ್ಲಿ ಅಂತ."

"ಹೂಂ."

"ಕೆಂದಿಗೆ ಖುಷಿಯಾಗ್ತದೆ ಅನ್ಕೊಂಡಿದ್ದೆ." ಅವಳು ಮರಿಯ ಕಿವಿಯನ್ನು ಬಿಟ್ಟಳು. "ಅದು ಸತ್ತೋಗ್ತದಾ ಅಜ್ಜಿ?"

ದಾಸಮ್ಮ ಕೈ ಚಾಚಿದಳು. ಈ ಸಲ ಹುಡುಗಿ ತಾನೇ ಸರಿದು ಬಂದು ಅವಳ ಕಂಕುಳಿಗೆ ಮುಖ ಒತ್ತಿದಳು. ಎಂಟು ವರ್ಷದ ಮಗು ತಾನು ಮಾಡಿದ್ದನ್ನು ಎರಡೇ ದಿನದಲ್ಲಿ ಹೇಳಿಬಿಟ್ಟಿತ್ತು.

"ಇದ್ನ ಎದೆಗಿಟ್ಕೊಂಡು ಬೆಚ್ಚಗೆ ಕೂತಿರು," ಎಂದು ಮರಿಯನ್ನು ಅವಳ ಮಡಿಲಿಗೆ ಹಾಕಿ ಎದ್ದಳು. "ನಾನು ಚಿಕ್ಕಜ್ಜಿ ಮನೆಗೆ ಹೋಗಿ ಬತ್ತೀನಿ."

ಸಿದ್ದಮ್ಮ ಜಗಲಿಯ ಮೇಲೆ ನೆನೆಸಿದ ಅವರೆಕಾಳು ಹಿತಕುತ್ತಿದ್ದಳು. ಹೆಬ್ಬೆರಳ ಒತ್ತಿಗೆ ಕಾಳು ಸಿಪ್ಪೆಯಿಂದ ಜಾರಿ ಪಾತ್ರೆಗೆ ಬೀಳುತ್ತಿತ್ತು.

"ಬಾಕ್ಕ. ಪಾಪು ಎಂಗವ್ನೆ?"

"ಅವ್ನೆ ಕಣೆ." ದಾಸಮ್ಮ ಎದುರಿಗೆ ಕೂತು ತಾನೂ ಒಂದು ಹಿಡಿ ಕಾಳು ಎತ್ತಿಕೊಂಡಳು. ಕೈಗೆ ಕೆಲಸವಿದ್ದರೆ ಮಾತು ಸುಲಭವಾಗಬಹುದು ಎಂದುಕೊಂಡಿದ್ದಳು. ಆಗಲಿಲ್ಲ. ಕೆಂದಿಯ ವಿಷಯ ಹೇಳಿದಳು, ಸೋಪು, ಸಾಂಬ್ರಾಣಿ ಎಲ್ಲ. ಬೊಟ್ಟಿನ ಮಾತು ಕೇಳಿ ಸಿದ್ದಮ್ಮ ನಕ್ಕಳು.

"ಒಸಿ ಬಂದು ನೋಡ್ತೀಯಾ ಸಿದ್ದಿ?"

ನಗು ಅಲ್ಲಿಗೇ ನಿಂತಿತು. "ಕುರಿ ಸಾವಾಸ ನಂಗ್ಯಾಕಕ್ಕ. ನನ್ ಕೈಗುಣ ನಿಂಗೊತ್ತಲ್ಲ. ತಿರುಗಾ ಏನಾರ ಆಗಿ, ಅದೂ ನನ್ ತಲೆ ಮೇಲೆ ಬರೋದು ಬ್ಯಾಡ."

ಅದನ್ನು ಅವಳು ಕೋಪದಿಂದ ಹೇಳಲಿಲ್ಲ. ಸೊಪ್ಪಿನವಳಿಗೆ ಇವತ್ತು ಸೊಪ್ಪು ಬೇಡ ಎನ್ನುವ ಹಾಗೆ ಹೇಳಿದಳು. ಹೇಳುತ್ತಲೇ ಕತ್ತು ತಿರುಗಿಸಿ, ಕೊಟ್ಟಿಗೆಯ ಬಾಗಿಲ ಕಡೆ ನೋಡಿದಳು. ಚಿಲಕ ಬಿದ್ದಿದೆಯೇ ಎಂದು. ಅದು ಅವಳ ಅಭ್ಯಾಸ. ಮನೆ ಬಾಗಿಲು, ಕೊಟ್ಟಿಗೆ, ಗ್ಯಾಸಿನ ಗುಂಡಿ, ಏನನ್ನೇ ಮುಚ್ಚಿದರೂ ನಾಲ್ಕು ಹೆಜ್ಜೆ ಹೋಗಿ, ವಾಪಸು ಬಂದು ಮುಟ್ಟಿ ನೋಡುತ್ತಾಳೆ. ಮಾಗಡಿ ಸಂತೆಗೆಂದು ಬಸ್ಸು ಹತ್ತಿದವಳು ಒಮ್ಮೆ ಇಳಿದು ಓಡಿ ಬಂದಿದ್ದಳು. ಊರಿನವರು ಅವಳನ್ನು ಚಿಲಕದ ಸಿದ್ದಮ್ಮ ಎನ್ನುತ್ತಾರೆ. ಎಲ್ಲರೂ ನಗುವಾಗ ದಾಸಮ್ಮನೂ ನಕ್ಕಿದ್ದಳು.

ಇವತ್ತು ಅವಳಿಗೆ ಆ ತಿರುಗಿದ ಕತ್ತನ್ನು ನೋಡಲಾಗಲಿಲ್ಲ.

"ಅವತ್ತು ನೀನು ಚಿಲಕ ಹಾಕಿದ್ದೆ," ಎಂದಳು.

"ಯಾವತ್ತು?"

"ನಿನ್ ಮಗಂಗೆ ಹೆಸರಿಟ್ಟ ದಿನ. ನೀನು ಹಾಕಿದ್ದೆ. ನಾನು ಬಚ್ಚಲ ಮಗ್ಗುಲಲ್ಲಿ ನಿಂತಿದ್ದೆ. ನೀನು ಒಳಗೆ ಹೋದ ಮೇಲೆ ತೆಗ್ದೋಳು ನಾನು."

ಸಿದ್ದಮ್ಮನ ಹೆಬ್ಬೆರಳು ಕಾಳಿನ ಮೇಲೆ ಹಾಗೇ ಉಳಿಯಿತು.

ದಾಸಮ್ಮ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಇನ್ನು ಮೂವತ್ತಾರು ವರ್ಷ ಹೇಳಲಾರೆ ಎಂದು ಅವಳಿಗೆ ಅನಿಸಿತ್ತು. ತೊಟ್ಟಿಲ ಹಾಡು ಕೇಳಿ, ಆರು ವರ್ಷವಾದರೂ ಮಗುವಾಗದ ತಾನು ಹೊಟ್ಟೆಕಿಚ್ಚು ಪಟ್ಟದ್ದು, ಸಿದ್ದಮ್ಮನ ತವರಿನ ಕುರಿಯನ್ನೂ ಅದರ ಮರಿಯನ್ನೂ ಬೆಚ್ಚನೆಯ ಮೂಲೆಯಿಂದ ಬಿಚ್ಚಿ ಬಾಗಿಲ ಬಳಿ ಕಟ್ಟಿದ್ದು, ಮೂಲೆಯಲ್ಲಿ ಕೂತು ಅತ್ತದ್ದು, ಅತ್ತೆ ಕೂಗಿದಾಗ ಚಿಲಕ ಹಾಕುವುದನ್ನು ಮರೆತು ಓಡಿದ್ದು. "ಚಿರತೆ ಬಂದು ಆ ಮರೀನ ಎತ್ಕೊಂಡ್ಹೋಗ್ಲಿ ಅಂತ ಮಾಡ್ಲಿಲ್ಲ ಸಿದ್ದಿ. ಆದ್ರೆ ಬೆಳಗ್ಗೆ ನಿನ್ನ ಬೈತಿದ್ದಾಗ ನಾನು ಅಲ್ಲೇ ರಾಗಿ ಬೀಸ್ತಾ ಇದ್ದೆ. ಕಲ್ಲು ನಿಲ್ಲಿಸಿ ಒಂದು ಮಾತು ಹೇಳ್ಬೋದಾಗಿತ್ತು. ಹೇಳ್ಲಿಲ್ಲ."

ಸಿದ್ದಮ್ಮ ಕೈಯಲ್ಲಿದ್ದ ಕಾಳನ್ನು ಪಾತ್ರೆಗೆ ಬಿಟ್ಟಳು. ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಿದ್ದಳು. ಬೆರಳ ತುದಿಗಳು ಅವರೆಯ ನೀರಿಗೆ ಸುಕ್ಕುಗಟ್ಟಿದ್ದವು.

"ನಾನು ಹಾಕಿದ್ನಾ?" ಎಂದು ಕೊನೆಗೆ ಕೇಳಿದಳು.

"ಹಾಕಿದ್ದೆ."

"ಮೊದಮೊದ್ಲು ಗೊತ್ತಿತ್ತು ಕಣಕ್ಕ, ಹಾಕಿದ್ದೆ ಅಂತ. ಎಲ್ರೂ ಇಲ್ಲ ಇಲ್ಲ ಅಂದು ಅಂದು, ಆಮೇಲೆ ನಂಗೇ ಅನುಮಾನ ಬಂದ್ಬುಡ್ತು. ಆ ಕುರಿ ಮೂರು ದಿನ ಬಾಗ್ಲಲ್ಲಿ ನಿಂತು ಅರಚ್ತು. ನಾನೇ ಕೊಂದೆ ಅಂತ ಅದರ ಕಣ್ ತಪ್ಪಿಸ್ಕೊಂಡು ಓಡಾಡ್ದೆ." ಪಾತ್ರೆಯನ್ನು ಹತ್ತಿರಕ್ಕೆ ಎಳೆದುಕೊಂಡು ಹೇಳಿದಳು, "ನೀನು ಹೋಗಕ್ಕ ಈಗ."

ದಾಸಮ್ಮ ಎದ್ದಳು. ಕಾಲು ಹಿಡಿಯುವ ಮನಸ್ಸಾಯಿತು. ಹಿರಿಯಳು ಹಾಗೆ ಮಾಡಿದರೆ ಅವಳಿಗೆ ಇನ್ನೊಂದು ಹೊರೆಯಾದೀತು ಎಂದು ಸುಮ್ಮನೆ ಮೆಟ್ಟಿಲಿಳಿದಳು. ದಾರಿಯಲ್ಲಿ ಅನಿಸಿತು: ಮರಿಯೂ ಹೋಯಿತು, ವಾರಗಿತ್ತಿಯೂ ಹೋದಳು. ಆದರೂ ಎದೆಯೊಳಗೆ ಎಷ್ಟೋ ಕಾಲದಿಂದ ಬಿಗಿಹಿಡಿದಿದ್ದ ಯಾವುದೋ ಕೈ ಸಡಿಲವಾದ ಹಾಗೆ ಇತ್ತು. ಅದಕ್ಕೆ ಸಮಾಧಾನ ಎನ್ನಲು ಅವಳಿಗೆ ಮನಸ್ಸಾಗಲಿಲ್ಲ.

ಸಂಜೆ ಡೇರಿಗೆ ಹಾಲು ಹಾಕುವ ಹೊತ್ತು ಕಳೆದಿತ್ತು. ದೊಡ್ಡಿಯ ಬಾಗಿಲಲ್ಲಿ ನೆರಳು ಬಿತ್ತು. ಸಿದ್ದಮ್ಮ ನಿಂತಿದ್ದಳು. ಬರಿಗಾಲು, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಮುಷ್ಟಿಯಲ್ಲಿ ಕಲ್ಲುಪ್ಪು. ಒಳಗಿನ ಮಣ್ಣಿಗೆ ಒಂದು ಪಾದ ಇಟ್ಟು, ಸ್ವಲ್ಪ ತಡೆದು, ಇನ್ನೊಂದನ್ನೂ ಇಟ್ಟಳು. ದಾಸಮ್ಮನ ಕಡೆ ನೋಡಲಿಲ್ಲ.

"ಯಾವ್ದವ್ವ ನಿನ್ ಮರಿ?" ಎಂದು ಮಾನ್ಯಳನ್ನು ಕೇಳಿದಳು.

ಮಾನ್ಯ ಮಡಿಲು ತೋರಿಸಿದಳು. "ನಾನೇ ಚಿಕ್ಕಜ್ಜಿ ಸೋಪು ಹಾಕಿದ್ದು."

"ಗೊತ್ತು. ನೀನೇ ಹಚ್ಚಿದ್ದು, ನೀನೇ ತೆಗೀಬೇಕು. ಅಳ್ತಾ ಕೂತ್ರೆ ವಾಸ್ನೆ ಹೋಗಲ್ಲ. ಎದ್ದು ಬಾ."

ಆಮೇಲೆ ಅವಳು ಹೇಳಿದ್ದನ್ನೆಲ್ಲ ಮಾನ್ಯ ಮಾಡಿದಳು. ಮೊದಲು ಉಗುರು ಬೆಚ್ಚಗಿನ ಬರೀ ನೀರಿನಲ್ಲಿ ಬಟ್ಟೆ ಅದ್ದಿ ಮರಿಯ ಮೈ ಒರೆಸಿದಳು. ಕೆಂದಿ ಮಲಗುವ ಜಾಗದ ಹುಲ್ಲನ್ನು, ಅದರ ಗಂಜಲ ನೆಂದದ್ದನ್ನೇ, ತಂದು ಮರಿಯ ಬೆನ್ನಿಗೂ ಬಾಲಕ್ಕೂ ತಿಕ್ಕಿದಳು. ಮೂಗು ಮುಚ್ಚಿಕೊಳ್ಳಲಿಲ್ಲ. ಸಿದ್ದಮ್ಮ ಕೆಂದಿಯ ಪಕ್ಕೆಗೆ ಮಂಡಿಯೂರಿ, ಅದಕ್ಕೆ ಕಲ್ಲುಪ್ಪು ನೆಕ್ಕಿಸಿ, ಗಂಟಲಲ್ಲಿ ಏನೋ ಗುನುಗುತ್ತಾ, ಅಂಗೈಗೆ ಅದರದೇ ಹಾಲು ಕರೆದಳು. "ಇದ್ನ ಹಣೆಗೆ ಹಚ್ಚು. ಕಿವಿಗೆ. ಬಾಲಕ್ಕೆ ಚೆನ್ನಾಗಿ. ಕುರಿಗೆ ಮಾತಾಡಿ ತಿಳಿಸಕ್ಕಾಗಲ್ಲ ಮಗ, ಮೂಗಿಗೇ ತಿಳಿಸ್ಬೇಕು."

"ಬೊಟ್ಟು?"

"ಬೊಟ್ಟು ಇರ್ಲಿ ಬುಡು. ಚೆನ್ನಾಗೈತೆ."

ಉಳಿದ ಹಾಲನ್ನು ಸಿದ್ದಮ್ಮ ತನ್ನ ಬೆರಳಿಂದ ಮರಿಯ ಬಾಯಿಗೆ ಹನಿಹನಿಯಾಗಿ ಬಿಟ್ಟಳು. ಹತ್ತನೆಯ ಹನಿಗೋ ಏನೋ ಮರಿ ಬೆರಳನ್ನು ಚೀಪಿತು. ಆ ಸಂಜೆ ಕೆಂದಿಯನ್ನು ಗಿಡ್ಡ ಹಗ್ಗದಲ್ಲಿ ಕಟ್ಟಿ, ಅಲ್ಲಾಡದ ಹಾಗೆ ಮೂವರೂ ಒತ್ತಿ ಹಿಡಿದರು. ಮರಿ ನಾಲ್ಕು ಗುಟುಕು ಕುಡಿಯಿತು. ಹೋಗುವಾಗ ದಾಸಮ್ಮ ಕಾಫಿ ಕುಡಿದು ಹೋಗು ಎಂದಳು. ಸಿದ್ದಮ್ಮ ಬೇಡ ಎಂದಳು. ಅಷ್ಟೇ.

ಮರುದಿನ ಬೆಳಿಗ್ಗೆ ಪಾಪುವಿಗೆ ನೀರು ಹುಯ್ದಾದ ಮೇಲೆ ದಾಸಮ್ಮ ಮಣೆಯಿಂದ ಏಳಲಿಲ್ಲ. "ಟವೆಲ್ ಅಲ್ಲಿಟ್ಟು ಬಾ," ಎಂದಳು. ಮಾನ್ಯಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಬಟ್ಟೆ ಕಳಚಿ ಬಂದು ಅಜ್ಜಿಯ ಕಾಲ ಮೇಲೆ ಬೋರಲು ಮಲಗಿದಳು. ನಿಜವಾಗಿಯೂ ಕಾಲುಗಳು ಬಾಗಿಲಾಚೆ ಹೋದವು. ತಲೆ ಒಲೆಯ ಕಡೆಗೆ ಜಾರುತ್ತಿತ್ತು. ಹರಳೆಣ್ಣೆಗೆ ಮೈ ಜಾರಿ ಇಬ್ಬರೂ ಒಂದು ಸಲ ಬಿದ್ದೇ ಬಿಡುತ್ತಿದ್ದರು. ಮಂಚದ ಮೇಲಿಂದ ಕಲಾ ನಗುವುದು ಕೇಳಿಸಿತು. "ಅತ್ತೆ, ಅವಳನ್ನ ಹಂಗೇ ಇಲ್ಲಿಗೆ ಕಳ್ಸಿ, ತಲೆ ಒಣಗಿಸ್ತೀನಿ. ಪಾಪುನ ನೀವು ಒಸಿ ಎತ್ಕೊಳ್ಳಿ."

ಸಿದ್ದಮ್ಮ ದಿನಕ್ಕೆರಡು ಸಲ ಬಂದಳು. ಬಂದಾಗ ಮಾನ್ಯಳ ಜೊತೆ ಮಾತು, ಕುರಿಯ ಜೊತೆ ಮಾತು. ದಾಸಮ್ಮನ ಜೊತೆ, ಹಿಡ್ಕೊ, ಬಿಡು, ನೀರು ಕೊಡು, ಇಷ್ಟೇ. ದಾಸಮ್ಮ ಹಿಡಿದಳು, ಬಿಟ್ಟಳು, ನೀರು ಕೊಟ್ಟಳು. ಅಂಗಳದಲ್ಲಿ ಬೀಡಿ ಸೇದುತ್ತಿದ್ದ ಗಂಡನಿಗೆ ಮೊದಲ ಸಂಜೆಯೇ ಎಲ್ಲವನ್ನೂ ಹೇಳಿದ್ದಳು. ಅವನು ಬೀಡಿಯನ್ನು ನೆಲಕ್ಕೆ ಉಜ್ಜಿ, "ಊರಿಗೆ ನಾನೇ ಹೇಳ್ತೀನಿ ತಗೊ. ಅವಳನ್ನ ಬೈದೋರಲ್ಲಿ ನಾನೂ ಒಬ್ಬ," ಎಂದಿದ್ದ.

ಮೂರನೆಯ ದಿನಕ್ಕೆ ಮರಿ ಎದ್ದು ಓಡಾಡುತ್ತಿತ್ತು. ಕೆಂದಿ ಒದೆಯುವುದನ್ನು ಬಿಟ್ಟಿತ್ತು, ಆದರೆ ತನ್ನದೆಂದೂ ಒಪ್ಪಿರಲಿಲ್ಲ. ಮರಿ ಕುಡಿಯುವಾಗ ಮುಖ ಅತ್ತ ತಿರುಗಿಸಿ ನಿಲ್ಲುತ್ತಿತ್ತು. ಸಿದ್ದಮ್ಮ ಹಗ್ಗ ಬಿಚ್ಚಿದಳು.

"ನಿಮ್ ನಾಯಿ ಎಲ್ಲಿ?"

ನಾಯಿಯ ಹೆಸರು ಬುಲೆಟ್. ಹನ್ನೆರಡು ವರ್ಷದ ಮುದಿ ನಾಯಿ. ಬಿಸಿಲಲ್ಲಿ ಮಲಗಿದ್ದ ಅದನ್ನು ಮಾನ್ಯ ಕುತ್ತಿಗೆಯ ಪಟ್ಟಿ ಹಿಡಿದು ಎಳೆದು ತಂದಳು.

"ಬಾಗ್ಲಲ್ಲಿ ನಿಲ್ಲಿಸ್ಕೊ. ಗಟ್ಟಿಯಾಗಿ ಹಿಡ್ಕೊ. ಏನೂ ಮಾಡ್ಬೇಡ."

ಬುಲೆಟ್‌ಗೂ ಏನೂ ಮಾಡುವ ಉದ್ದೇಶ ಇರಲಿಲ್ಲ. ಅದು ದೊಡ್ಡಿಯ ಒಳಗೆ ನೋಡಿ ಒಮ್ಮೆ ಆಕಳಿಸಿತು. ಆದರೆ ಕೆಂದಿ ತಲೆಯೆತ್ತಿತು. ಕಿವಿ ಮುಂದಕ್ಕೆ ಚಾಚಿತು. ಮರಿ, ನಾಯಿಯನ್ನು ಕಂಡೇ ಅರಿಯದ ಮರಿ, ಕುಪ್ಪಳಿಸುತ್ತಾ ಬಾಗಿಲ ಕಡೆಗೇ ಹೊರಟಿತ್ತು. ಕೆಂದಿ ಮುಂಗಾಲಿನಿಂದ ನೆಲವನ್ನು ಒದ್ದಿತು. ಇನ್ನೊಮ್ಮೆ ಒದ್ದಿತು. ಧೂಳೆದ್ದಿತು. ಎರಡೇ ನೆಗೆತಕ್ಕೆ ಬಂದು ನಾಯಿಗೂ ಮರಿಗೂ ನಡುವೆ ಅಡ್ಡ ನಿಂತು, ತಲೆ ತಗ್ಗಿಸಿ ಬುಸುಗುಟ್ಟಿತು. ಬುಲೆಟ್ ಪಟ್ಟಿ ಬಿಡಿಸಿಕೊಂಡು ಓಡಿಹೋಯಿತು.

ಕೆಂದಿ ಹಿಂದಕ್ಕೆ ತಿರುಗಿತು. ಮರಿಯ ಬಾಲಕ್ಕೆ ಮೂಗು ಹಚ್ಚಿ ತುಂಬ ಹೊತ್ತು ಮೂಸಿತು. ಆಮೇಲೆ ಅದರ ಗಂಟಲಿಂದ, ಬಾಯಿ ತೆರೆಯದೆ, ಸಣ್ಣಗೆ ಗುರುಗುರು ಸದ್ದು ಬಂತು. ಹೆತ್ತ ಕುರಿ ತನ್ನ ಮರಿಗೆ ಮಾತ್ರ ಮಾಡುವ ಸದ್ದು.

ಮರಿ ಕೆಚ್ಚಲಿಗೆ ಬಾಯಿಟ್ಟಿತು. ಬಾಲ ಅಲ್ಲಾಡುತ್ತಿತ್ತು. ಮಾನ್ಯ ಬಾಗಿಲಲ್ಲೇ ಕುಕ್ಕರುಗಾಲಲ್ಲಿ ಕೂತಳು. ಕೂಗಬಾರದೆಂದು ತನ್ನ ಬಾಯಿಗೆ ತಾನೇ ಕೈ ಮುಚ್ಚಿಕೊಂಡಿದ್ದಳು.

ಸಿದ್ದಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಕಾಫಿ ಇದ್ರೆ ಕೊಡಕ್ಕ," ಎಂದಳು. "ಸಕ್ಕರೆ ಒಸಿ ಕಮ್ಮಿ ಹಾಕು. ನಂಗೆ ಶುಗರ್ ಬಂದೈತೆ, ನಿಂಗೆ ಹೇಳ್ಲಿಲ್ಲ."

ಜಗಲಿಯ ಮೇಲೆ ಕೂತು ಇಬ್ಬರೂ ಕಾಫಿ ಕುಡಿದರು. ಆ ಹಳೆಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಲೋಟ ಕೆಳಗಿಟ್ಟ ಮೇಲೆ ಸಿದ್ದಮ್ಮ, "ಸಿಟ್ಟು ಹೋಗಿಲ್ಲ ಕಣಕ್ಕ. ಬರ್ತದೆ, ಹೋಗ್ತದೆ," ಎಂದಳು.

"ಬರ್ಲಿ. ಬಂದಾಗ ಬೈಯಿ. ಬಾಗ್ಲು ತೆಗ್ದೇ ಇಟ್ಟಿರ್ತೀನಿ."

"ನೀನು ಬಾಗ್ಲು ತೆಗ್ದಿದ್ದಕ್ಕೇ ಇಷ್ಟೆಲ್ಲ ಆಗಿದ್ದು," ಎಂದು ಸಿದ್ದಮ್ಮ ಎದ್ದಳು. ಮುಖದಲ್ಲಿ ನಗು ಇತ್ತೋ ಇಲ್ಲವೋ ದಾಸಮ್ಮನಿಗೆ ಸರಿಯಾಗಿ ಕಾಣಲಿಲ್ಲ.

ಹೋಗುವ ಮುಂಚೆ ಅವಳು ದೊಡ್ಡಿಯೊಳಗೆ ಇನ್ನೊಮ್ಮೆ ಇಣುಕಿದಳು. ಕೆಂದಿ ಬೆಚ್ಚನೆಯ ಮೂಲೆಯಲ್ಲಿ ಮಲಗಿತ್ತು. ಅದರ ಹೊಟ್ಟೆಗೆ ಒತ್ತಿಕೊಂಡು ಮರಿ. ಎಡಗೆನ್ನೆಯ ಬೊಟ್ಟು ಮಾಸಿ ಬೂದುಬಣ್ಣಕ್ಕೆ ತಿರುಗಿತ್ತು. ಸಿದ್ದಮ್ಮ ಬಾಗಿಲೆಳೆದು ಚಿಲಕ ಹಾಕಿ ಹೊರಟಳು. ಒಂದು ಹೆಜ್ಜೆ, ಎರಡು, ಮೂರು. ನಾಲ್ಕನೆಯದಕ್ಕೆ ಅವಳ ಕಾಲು ನಿಧಾನವಾಯಿತು. ದಾಸಮ್ಮ ನೋಡುತ್ತಿದ್ದಳು. ಸಿದ್ದಮ್ಮನ ಕತ್ತು ತಿರುಗತೊಡಗಿತು.

"ಹಾಕಿದೀಯ ಕಣೆ ಸಿದ್ದಿ," ಎಂದಳು ದಾಸಮ್ಮ ಜಗಲಿಯಿಂದಲೇ. "ನಾನು ನೋಡ್ದೆ."

"ನಾನೂ ನೋಡ್ದೆ ಚಿಕ್ಕಜ್ಜಿ," ಎಂದಳು ಮಾನ್ಯ.

ಸಿದ್ದಮ್ಮ ಸ್ವಲ್ಪ ಹೊತ್ತು ಹಾಗೇ ನಿಂತಳು. ಆಮೇಲೆ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು, ಹಿಂತಿರುಗದೆ, ತನ್ನ ಹಸುಗಳಿಗೆ ನೀರು ಕುಡಿಸಲು ಹೋದಳು.